ಬೆಂಗಳೂರಿನ ಹೊಗೆಯ ಹಿಂದಿನ ಲೆಕ್ಕಾಚಾರ

ದೆಹಲಿಯಷ್ಟು ಕೆಟ್ಟಿಲ್ಲ ಎಂಬ ಸಮಾಧಾನ ಬೆಂಗಳೂರಿಗರಿಗೆ ರೂಢಿಯಾಗಿಬಿಟ್ಟಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಸಂಜೆಯ ಗಾಳಿ, ಆಗಾಗ ಸುರಿಯುವ ಮಳೆ ಇವು ಕೊಟ್ಟ ರಿಯಾಯಿತಿ ಅದು. ಆದರೂ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿಯ ಮಾನದಂಡ ತಲುಪದ ನಗರಗಳ ಪಟ್ಟಿಗೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆ ಬೆಂಗಳೂರೂ ಸೇರಿತು. ವಾಹನ, ರಸ್ತೆಯ ಧೂಳು, ಕಟ್ಟಡ ಕಾಮಗಾರಿ, ಜನರೇಟರ್, ಕಸದ ಬೆಂಕಿ: ಹೊಗೆಯ ಮೂಲಗಳು ಎಲ್ಲರಿಗೂ ಗೊತ್ತಿರುವವೇ. ಅವು ಬೆಳೆದ ಬಗೆ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಊರು ಒದಗಿಸಬೇಕಾದ್ದನ್ನು ಒದಗಿಸದಿದ್ದಾಗ ಜನ ತಮ್ಮ ತಮ್ಮ ದುಡ್ಡಿನಲ್ಲಿ ದಾರಿ ಕಂಡುಕೊಂಡರು. ಆ ದಾರಿಗಳಲ್ಲಿ ಹೆಚ್ಚಿನವು ಹೊಗೆ ಉಗುಳುತ್ತವೆ.

ಟ್ಯಾಂಕರ್ ನೀರು, ಅಗೆದ ರಸ್ತೆ

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಯಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಪಾರ್ಟ್‌ಮೆಂಟುಗಳು ಎದ್ದವು, ಹಲವೆಡೆ ನಲ್ಲಿ ಬರಲಿಲ್ಲ. ಬೋರ್‌ವೆಲ್ ಬತ್ತಿದಲ್ಲೆಲ್ಲ ನೀರು ಡೀಸೆಲ್ ಲಾರಿ, ಟ್ರ್ಯಾಕ್ಟರ್‌ಗಳ ಬೆನ್ನೇರಿ ಬಂತು.

ಪೈಪು ಬಂದಾಗ ಇನ್ನೊಂದು ಕಥೆ. ಡಾಂಬರು ಹಾಕಿದ ರಸ್ತೆಯನ್ನು ಜಲಮಂಡಳಿ ಅಗೆಯುತ್ತದೆ, ಮುಚ್ಚಿದ ಮೇಲೆ ಗ್ಯಾಸ್‌ನವರು, ಆಮೇಲೆ ಕೇಬಲ್‌ನವರು. ಬದಿಗೆ ಸುರಿದ ಕೆಂಪು ಮಣ್ಣು ಚಕ್ರಕ್ಕೆ ಸಿಕ್ಕಿ ನುಣ್ಣಗಾಗಿ, ಎರಡು ದಿನ ಬಿಸಿಲು ಕಂಡರೆ ಸಾಕು, ಪಕ್ಕದ ಬೇಕರಿಯ ಗಾಜಿನ ಮೇಲೆ ಹೆಸರು ಬರೆಯುವಷ್ಟು ಕೂರುತ್ತದೆ.

ಬಾಡಿಗೆ ಮತ್ತು ಬೈಕು

ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ; ಹೆಚ್ಚಿನವು ದ್ವಿಚಕ್ರ. ಬಿಎಂಟಿಸಿ ಬಸ್ಸುಗಳು ಏಳು ಸಾವಿರದ ಆಸುಪಾಸು. ಬೆಳ್ಳಂದೂರು, ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಗೆ ಟೆಕ್ ಪಾರ್ಕುಗಳು ಮೊದಲು ಬಂದವು. 2011ರಲ್ಲಿ ಶುರುವಾದ ಮೆಟ್ರೊ ಅತ್ತ ತಲುಪುವ ಸರದಿ ಬಹಳ ತಡವಾಯಿತು. ಅಲ್ಲಿನ ಬಾಡಿಗೆ ಕಟ್ಟಲಾಗದ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಕೆಲಸದವರು ದೂರದಿಂದ ಬರಬೇಕು. ರಾತ್ರಿ ಪಾಳಿ ಮುಗಿಸಿದವರಿಗೆ ಬಸ್ಸಿನ ಭರವಸೆ ಇಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿತು. ಇಬ್ಬರು ಹೋಗುವುದಾದರೆ ಕಂತಿನ ಬೈಕೇ ಅಗ್ಗ. ಈ ಲೆಕ್ಕ ಹಾಕುವವರನ್ನು ಬೈಯುವುದು ಸುಲಭ, ತಪ್ಪು ತೋರಿಸುವುದು ಕಷ್ಟ.

ಸರಕು ಸಾಗಿಸುವವರದೂ ಇದೇ ಪಾಡು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ಮಾನದಂಡದ ಹೊಸ ವಾಹನಗಳಷ್ಟೇ ಮಾರಾಟವಾಗಬೇಕು. ಆದರೆ ಒಂದೇ ಟೆಂಪೊ ನಂಬಿ ಬದುಕುವವನು ಹಳೆಯ ಗಾಡಿಯನ್ನೇ ರಿಪೇರಿ ಮಾಡಿಸಿ ಓಡಿಸುತ್ತಾನೆ.

ಕಸಕ್ಕೆ ಬೆಂಕಿ

ಒಣಗಿದ ಎಲೆ, ಪ್ಲಾಸ್ಟಿಕ್ ಒಟ್ಟುಗೂಡಿಸಿ ಮುಂಜಾನೆಯೇ ಕಡ್ಡಿ ಗೀರುವುದು ಕಾನೂನುಬಾಹಿರ. ಆದರೂ ಕಸದ ಗಾಡಿ ಬಾರದ ಖಾಲಿ ಸೈಟುಗಳಲ್ಲಿ ಅದು ನಿಂತಿಲ್ಲ.

ಯಾರ ಶ್ವಾಸಕೋಶ

ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ‘ಮಿತಿಯೊಳಗಿದೆ’ ಎಂಬ ಪ್ರಕಟಣೆಯನ್ನು ಈ ಅಂತರ ನೆನಪಿಟ್ಟುಕೊಂಡೇ ಓದಬೇಕು. ಕಾರಿನವರು ಗಾಜು ಏರಿಸುತ್ತಾರೆ, ಮನೆಗೆ ಏರ್ ಪ್ಯೂರಿಫೈಯರ್ ತರುತ್ತಾರೆ. ಸಿಗ್ನಲ್‌ನ ಟ್ರಾಫಿಕ್ ಪೊಲೀಸ್, ತಳ್ಳುಗಾಡಿಯವರು, ಪೊರಕೆ ಹಿಡಿದ ಪೌರಕಾರ್ಮಿಕರು ಕೆಲಸದ ಅಷ್ಟೂ ಹೊತ್ತು ಅದೇ ಧೂಳಿನಲ್ಲಿರುತ್ತಾರೆ. ಅವರಲ್ಲಿ ಅನೇಕರು ಮನೆಗೆ ಹೋಗುವುದು ಬಸ್ಸಿನಲ್ಲಿ.