ಕ್ವಿಂಟಲ್‌ನಲ್ಲಿ ಐದು ಎಲ್ಲೈತಿ?

ಇವತ್ತಿನ ಸಂಚಿಕೆ ಒಂದು ಶಬ್ದದ ಇತಿಹಾಸ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ದಿನಾ ಕಿವಿಗೆ ಬೀಳೋ ಶಬ್ದ: ಕ್ವಿಂಟಲ್. ಗೋವಿನಜೋಳ ಕ್ವಿಂಟಲ್ ಲೆಕ್ಕ, ಬೆಲ್ಲ ಕ್ವಿಂಟಲ್ ಲೆಕ್ಕ, ಸಕ್ಕರೆ ಕ್ವಿಂಟಲ್ ಲೆಕ್ಕ.

ಇಂಗ್ಲಿಷ್ ಶಬ್ದಗಳ ಮುಂದೆ ಗ್ರೀಕ್ ಮತ್ತು ಲ್ಯಾಟಿನ್ ಅಂಕಿಗಳು ಅಂಟಿಕೊಂಡಿರುತ್ತವೆ. ಬೈಸಿಕಲ್‌ನ ‘ಬೈ’ ಅಂದ್ರೆ ಎರಡು. ಟ್ರ್ಯಾಂಗಲ್‌ನಲ್ಲಿ ಮೂರು, ಪೆಂಟಗನ್‌ನಲ್ಲಿ ಐದು. ಅಕ್ಟೋಬರ್‌ನಲ್ಲಿ ಎಂಟು, ಯಾಕಂದ್ರೆ ರೋಮನ್ನರ ಹಳೇ ವರ್ಷ ಮಾರ್ಚ್‌ನಿಂದ ಶುರು ಆಗ್ತಿತ್ತು. ಲ್ಯಾಟಿನ್‌ನಲ್ಲಿ ಐದಕ್ಕೆ ‘ಕ್ವಿಂಕ್ವೆ’ ಅಂತಾರೆ. ಒಂದೇ ಹೆರಿಗೆಯಲ್ಲಿ ಐದು ಮಕ್ಕಳಾದ್ರೆ ಕ್ವಿಂಟುಪ್ಲೆಟ್ಸ್. ಹಂಗಾದ್ರೆ ಕ್ವಿಂಟಲ್ ಅಂದ್ರೆ ನೂರು ಕಿಲೊ ಹೆಂಗಾಯ್ತು? ಅದರಾಗ ಐದು ಎಲ್ಲೈತಿ?

ಐದು ಇಲ್ಲವೇ ಇಲ್ಲ. ಲ್ಯಾಟಿನ್‌ನಲ್ಲಿ ‘ಕೆಂಟುಮ್’ ಅಂದ್ರೆ ನೂರು, ‘ಕೆಂಟೆನಾರಿಯುಸ್’ ಅಂದ್ರೆ ನೂರು ಇರುವಂಥದ್ದು. ಈ ಶಬ್ದ ರೋಮ್‌ನಿಂದ ಪೂರ್ವಕ್ಕೆ, ಗ್ರೀಕ್ ಮಾತಾಡುವ ಸೀಮೆಗೆ ಹೋಯಿತು. ಅಲ್ಲಿಂದ ಅರಬ್ ವ್ಯಾಪಾರಿಗಳ ಬಾಯಲ್ಲಿ ‘ಕಿಂತಾರ್’ ಆಯಿತು. ಮತ್ತೆ ಯುರೋಪಿಗೆ ಮರಳಿ ‘ಕ್ವಿಂಟಾಲೆ’ ಆಯಿತು. ಮನೆ ಬಿಟ್ಟು ಹೋದ ಮಗ ವೇಷ ಬದಲಿಸಿ ವಾಪಸ್ ಬಂದಂಗೆ. ಮನೆಯವರಿಗೇ ಗುರುತು ಸಿಗಲಿಲ್ಲ. ಗೋವಾಕ್ಕೆ ಬಂದ ಪೋರ್ಚುಗೀಸರು ಕರಾವಳಿಯ ಮೆಣಸನ್ನು ಕ್ವಿಂಟಲ್‌ನಲ್ಲೇ ತೂಗುತ್ತಿದ್ದರು. ಆದರೆ ಅವರ ಕ್ವಿಂಟಲ್ ಇವತ್ತಿನ 50-60 ಕಿಲೊ ಮಾತ್ರ. ನೂರು ಕಿಲೊ ಅನ್ನೋ ಅರ್ಥ ಗಟ್ಟಿಯಾಗಿದ್ದು ಮೆಟ್ರಿಕ್ ಪದ್ಧತಿ ಬಂದ ಮೇಲೆ.

ಮೆಟ್ರಿಕ್ ಹುಟ್ಟಿದ್ದು ಕ್ರಾಂತಿಯ ಕಾಲದ ಫ್ರಾನ್ಸ್‌ನಲ್ಲಿ. ಊರಿಗೊಂದು ತೂಕ, ಜಮೀನ್ದಾರನಿಗೊಂದು ಅಳತೆ ಅಂತ ಜನ ಬೇಸತ್ತಿದ್ದರು. 1795ರ ಕಾನೂನು ಒಂದು ಚೊಕ್ಕ ನಿಯಮ ಮಾಡಿತು: ದೊಡ್ಡದಾಗಿಸಲು ಗ್ರೀಕ್, ಸಣ್ಣದಾಗಿಸಲು ಲ್ಯಾಟಿನ್. ಡೆಕಾ ಹತ್ತು, ಹೆಕ್ಟೊ ನೂರು, ಕಿಲೊ ಸಾವಿರ, ಇವು ಗ್ರೀಕ್. ಡೆಸಿ ಹತ್ತರಲ್ಲಿ ಒಂದು, ಸೆಂಟಿ ನೂರರಲ್ಲಿ ಒಂದು, ಮಿಲಿ ಸಾವಿರದಲ್ಲಿ ಒಂದು, ಇವು ಲ್ಯಾಟಿನ್. ನಿಮ್ಮ ರಿಚಾರ್ಜ್ ಪ್ಯಾಕಿನ ಜಿಬಿಯಲ್ಲಿರೋ ‘ಗಿಗಾ’ ಮಾತ್ರ ಅಂಕಿಯೇ ಅಲ್ಲ. ಅದು ಗ್ರೀಕ್‌ನಲ್ಲಿ ದೈತ್ಯ. ಅದಕ್ಕೂ ಮೇಲಿನ ‘ಟೆರಾ’ ಅಂದ್ರೆ ರಾಕ್ಷಸ.

ಈಗ ನಮ್ಮ ಕಡೆಗೆ ಬರೋಣ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾನೂನು ಪಾಸು ಮಾಡಿತು. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೊ, ಕ್ವಿಂಟಲ್ ಬಂದವು. ಅಂದ್ರೆ ಎರಡೇ ವರ್ಷದಲ್ಲಿ ನಮ್ಮ ಅಜ್ಜ-ಅಜ್ಜಿಯರಿಗೆ ರಾಜ್ಯ, ರೊಕ್ಕ, ತೂಕ ಮೂರೂ ಬದಲಾದವು!

ಆದರೂ ಹಳೇದು ಪೂರ್ತಿ ಹೋಗಲಿಲ್ಲ. ಗೋಕಾಕದ ಅಂಗಡಿಯಲ್ಲಿ ಕರದಂಟು ಕೇಳುವಾಗ ಏನಂತೀವಿ? ‘ಪಾವಕಿಲೊ ಕೊಡ್ರಿ.’ ‘ಪಾವ’ ಸಂಸ್ಕೃತದ ‘ಪಾದ’ದಿಂದ ಬಂದದ್ದು, ಕಾಲು ಭಾಗ. ‘ಕಿಲೊ’ ಗ್ರೀಕ್‌ನ ಸಾವಿರ. ಇನ್ನೊಂದು ಮಜಾ ಕೇಳ್ರಿ. ಭಾಷಾಶಾಸ್ತ್ರಜ್ಞರ ಪ್ರಕಾರ ಗ್ರೀಕ್‌ನ ‘ಖಿಲಿಯೊಯ್’ ಮತ್ತು ಸಂಸ್ಕೃತದ ‘ಸಹಸ್ರ’ ಒಂದೇ ಬೇರಿನವು. ನಮ್ಮ ‘ಸಾವಿರ’ ಸಹಸ್ರದಿಂದಲೇ ಬಂದದ್ದು. ಹಂಗಾಗಿ ಕಿಲೊ ಮತ್ತು ಸಾವಿರ ದೂರದ ದಾಯಾದಿಗಳು. ನೂರರದ್ದೂ ಅದೇ ಕತೆ. ಲ್ಯಾಟಿನ್‌ನ ಕೆಂಟುಮ್, ಗ್ರೀಕ್‌ನ ಹೆಕಾಟೊನ್, ಸಂಸ್ಕೃತದ ಶತ ಒಂದೇ ಕುಟುಂಬ. ಅಂದ್ರೆ ಕ್ವಿಂಟಲ್, ಹೆಕ್ಟೇರ್, ಪರ್ಸೆಂಟ್, ಶೇಕಡಾ ನಾಲ್ಕರ ಹೊಟ್ಟೆಯಲ್ಲೂ ಅದೇ ನೂರು. ನಮ್ಮ ‘ನೂರು’ ಮಾತ್ರ ಬೇರೆ, ಅದು ಅಚ್ಚ ದ್ರಾವಿಡ. ಇಮ್ಮಡಿ ಪುಲಿಕೇಶಿಯ ‘ಇಮ್’, ಮುಮ್ಮಡಿ ಕೃಷ್ಣರಾಜರ ‘ಮುಮ್’ ಕೂಡ ಅಷ್ಟೇ: ಕನ್ನಡಕ್ಕೆ ಕನ್ನಡದ್ದೇ ಅಂಕಿ.

ಬಿ.ಕಾಂ ಓದಿದವನಾಗಿ ನನಗೆ ಇಷ್ಟವಾಗೋದು % ಚಿಹ್ನೆ. ಇಟಲಿಯ ವ್ಯಾಪಾರಿಗಳು ಲೆಕ್ಕದ ಪುಸ್ತಕದಲ್ಲಿ ‘ಪೆರ್ ಚೆಂತೊ’, ಅಂದ್ರೆ ನೂರಕ್ಕೆ, ಅಂತ ಬರೀತಿದ್ದರು. ಬರೆದು ಬರೆದು ಸವೆದು ಅದು ಈ ಗುರುತಾಯಿತು.

ಇದೆಲ್ಲ ಬರೀ ಶಬ್ದದ ಆಟ ಅಂತ ಅನ್ಕೋಬ್ಯಾಡ್ರಿ. 2025ರ ನವೆಂಬರ್ ಮೊದಲ ವಾರ ನೆನಪು ಮಾಡ್ಕೋರಿ. ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲೇ ಕೂತಿದ್ದರು. ಬೇಡಿಕೆ: ಟನ್‌ಗೆ 3500 ರೂಪಾಯಿ. ಆ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ದರ: ಕ್ವಿಂಟಲ್‌ಗೆ 355, ಶೇ 10.25 ಸಕ್ಕರೆ ಇಳುವರಿಗೆ. ಟನ್ ಲೆಕ್ಕಕ್ಕೆ 3550. ದೂರದ ಊರಿನವರು ಆಗ ಕೇಳಬಹುದಿತ್ತು: 3550 ಸಿಗೋ ಕಡೆ 3500 ಯಾಕೆ ಕೇಳ್ತಾರೆ?

ಉತ್ತರ ಆ ಸಣ್ಣ ಶಬ್ದಗಳಲ್ಲೇ ಇದೆ. ಕೇಂದ್ರದ ದರದಲ್ಲಿ ಕಟಾವು ಮತ್ತು ಸಾಗಣೆಯ ಖರ್ಚೂ ಸೇರಿರುತ್ತದೆ. ಅದನ್ನು ಕಳೆದ ಮೇಲೆ ಕೈಗೆ ಬರೋದು ಕಡಿಮೆ. ರೈತರು ಕೇಳಿದ್ದು ಕೈಗೆ ಬರೋ ರೊಕ್ಕ. ಇನ್ನು ಇಳುವರಿ. ಶೇ 11.25 ಅಂದ್ರೆ ಒಂದು ಟನ್ ಕಬ್ಬಿಗೆ 112.5 ಕಿಲೊ ಸಕ್ಕರೆ. ಇಳುವರಿ 0.1 ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು. ಕೇಳೋಕೆ ಚಿಲ್ಲರೆ ಅನ್ನಿಸ್ತದೆ, ಆದ್ರೆ ಟನ್‌ಗೆ ಅದು 34 ರೂಪಾಯಿ 60 ಪೈಸೆ. ಒಂದು ಪೂರ್ತಿ ಶೇಕಡಾ ಏರಿದರೆ 346. ನೂರು ಟನ್ ಕಬ್ಬು ಕಳಿಸಿದ ಮನೆಗೆ 34,600. ಆ ಇಳುವರಿಯನ್ನು ಯಾರು ಅಳೀತಾರೆ, ಹೆಂಗ ಅಳೀತಾರೆ ಅನ್ನೋದು ಅದಕ್ಕೇ ಜಗಳದ ಮಾತು. ಕೊನೆಗೆ ರಾಜ್ಯ ಸರ್ಕಾರ ಮಧ್ಯೆ ಬಂದು, ಕಟಾವು-ಸಾಗಣೆ ಬಿಟ್ಟು, ಟನ್‌ಗೆ 3300 ಅಂತ ಘೋಷಿಸಿತು.

ಹೆಕ್ಟೇರ್ ಕತೆ ಇನ್ನೂ ಹತ್ತಿರದ್ದು. ಘಟಪ್ರಭಾ ಉಕ್ಕಿದಾಗ ಗೋಕಾಕ, ಮೂಡಲಗಿ ಕಡೆ ಬೆಳೆ ಮುಳುಗುತ್ತದೆ. 2019ರಲ್ಲಿ ಗೋಕಾಕ ಊರೊಳಗೇ ನೀರು ನುಗ್ಗಿತ್ತು. ಪರಿಹಾರ ಘೋಷಣೆ ಆಗೋದು ಹೆಕ್ಟೇರ್‌ನಲ್ಲಿ, ನಮ್ಮ ಉತಾರ ಇರೋದು ಎಕರೆ-ಗುಂಟೆಯಲ್ಲಿ. ಒಂದು ಹೆಕ್ಟೇರ್ ಅಂದ್ರೆ ಸುಮಾರು 2.47 ಎಕರೆ, ಹೆಚ್ಚುಕಡಿಮೆ 99 ಗುಂಟೆ. 2022-26ರ ಕೇಂದ್ರದ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8500 ರೂಪಾಯಿ. ಟಿವಿಯಲ್ಲಿ ‘8500’ ದೊಡ್ಡ ಅಕ್ಷರದಲ್ಲಿ ಬರ್ತದೆ. ಎಕರೆಗೆ ಇಳಿಸಿದರೆ ಸುಮಾರು 3440. ಗುಂಟೆಗೆ 86 ರೂಪಾಯಿ. ಹತ್ತು ಗುಂಟೆ ಹೊಲ ಇದ್ದವರ ಲೆಕ್ಕ ನೀವೇ ಹಾಕ್ರಿ.

ಫ್ರಾನ್ಸ್‌ನಲ್ಲಿ ಈ ಶಬ್ದಗಳನ್ನು ಮಾಡಿದ್ದು ಬಡವನಿಗೂ ಸಾಹುಕಾರನಿಗೂ ಒಂದೇ ಅಳತೆ ಇರಲಿ ಅಂತ. ನಮ್ಮಲ್ಲಿ ತಕ್ಕಡಿ ಒಂದೇ ಆಗಿದೆ, ಆದರೆ ಘೋಷಣೆ ಒಂದು ಅಳತೆಯಲ್ಲಿ, ಬದುಕು ಇನ್ನೊಂದರಲ್ಲಿ ನಡೆದಿದೆ. ಹಂಗಾಗಿ ಮುಂದೆ ಯಾವುದೇ ದರ, ಪರಿಹಾರದ ಸುದ್ದಿ ಫೋನಿಗೆ ಬಂದರೆ, ಫಾರ್ವರ್ಡ್ ಮಾಡೋ ಮೊದಲು ನಿಮ್ಮ ಮನೆಯ ಅಳತೆಗೆ ಅದನ್ನು ಇಳಿಸಿ, ಅಪ್ಪಗೋ ಕಾಕಾಗೋ ಹೇಳ್ರಿ. ಕ್ಯಾಲ್ಕುಲೇಟರ್ ಅದೇ ಫೋನಿನಲ್ಲಿ ಇದೆ.

ನಿಮ್ಮ ಮನೆಯ ಹಿರಿಯರು ಇನ್ನೂ ಬಳಸೋ ಹಳೇ ಅಳತೆಯ ಹೆಸರು ಇದ್ದರೆ ಅವರ ದನಿಯಲ್ಲೇ ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸೋಣ. ಬರ್ತೀನ್ರಿ, ನಮಸ್ಕಾರ.