ಕಫೀಲನ ಹೊಣೆ: ಮದ್ಯನಿನಿಂದ ಗಲ್ಫ್‌ವರೆಗೆ ಮನೆಗೆಲಸದವರ ಚರಿತ್ರೆ

ಗಲ್ಫಿಗೆ ಹೋಗಿ ಬಂದ ಯಾರಿಗೂ ‘ಕಫೀಲ್’ ಎಂದರೆ ಯಾರು ಎಂದು ಹೇಳಿಕೊಡಬೇಕಾಗಿಲ್ಲ. ವೀಸಾ ಕೊಟ್ಟವನು, ಇಕಾಮದ ಮೇಲೆ ಯಾರ ಹೆಸರಿದೆಯೋ ಅವನು, ಊರಿಗೆ ಹೊರಡಲು ಯಾರ ಸಹಿ ಬೇಕೋ ಅವನು. ನಮ್ಮ ಜನ ದುಡಿದು ಕಲಿತ ಅರ್ಥ ಇದು. ಆದರೆ ಆ ಪದಕ್ಕೆ ಇದಕ್ಕಿಂತ ಹಳೆಯ ಅರ್ಥವಿದೆ. ಪುಟ್ಟ ಮಗುವಾಗಿದ್ದ ಮರ್ಯಮ್(ಅ)ರ ಪಾಲನೆಯನ್ನು ಪ್ರವಾದಿ ಝಕರಿಯ್ಯಾ(ಅ)ರಿಗೆ ಒಪ್ಪಿಸಿದ ಸಂಗತಿಯನ್ನು ಹೇಳುವಾಗ ಪವಿತ್ರ ಕುರ್‌ಆನ್ ಇದೇ ಮೂಲದ ಪದವನ್ನು ಬಳಸಿದೆ. ಅನಾಥ ಮಗುವಿನ ಹೊಣೆ ಹೊತ್ತವನನ್ನು ಪ್ರವಾದಿ(ಸ) ಹೆಸರಿಸಿದ್ದೂ ಇದೇ ಮೂಲದ ಪದದಿಂದ. ಸ್ವರ್ಗದಲ್ಲಿ ಅಂಥವನು ತಮಗೆ ಎಷ್ಟು ಹತ್ತಿರವಿರುತ್ತಾನೆ ಎಂಬುದನ್ನು ಅವರು ಎರಡು ಬೆರಳುಗಳನ್ನು ಎತ್ತಿ ತೋರಿಸಿದರು.

ನಿರ್ಬಲರ ಹೊಣೆ ಹೊರುವವನ ಹೆಸರು ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವವನ ಹೆಸರಾಗಿದ್ದು ಹೇಗೆ? ಈ ಪ್ರಶ್ನೆ ಈಗ ಅರಬರಿಗೆ ಮಾತ್ರ ಸಂಬಂಧಿಸಿದ್ದಲ್ಲ. ದುಬೈ, ದೋಹಾ, ಕುವೈತ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳೂ ಮನೆಯಲ್ಲೇ ಉಳಿದು ಕೆಲಸ ಮಾಡುವ ಹೆಂಗಸರನ್ನು ವೀಸಾ ಮಾಡಿಸಿ ಕರೆಸಿಕೊಳ್ಳುತ್ತಿವೆ. ತಂದೆ ಒಬ್ಬ ಕಫೀಲನ ಕೈಕೆಳಗೆ ದುಡಿದಿದ್ದರೆ, ಮಗ ಇಂದು ತಾನೇ ಕಫೀಲನಾಗಿದ್ದಾನೆ. ಆದ್ದರಿಂದ ಈ ಚರಿತ್ರೆಯನ್ನು ನಾವು ತಿಳಿದಿರಬೇಕು.

ಮದ್ಯನಿನ ಕರಾರು

ಪರದೇಶಿಯೊಬ್ಬನನ್ನು ಮನೆಗೆಲಸಕ್ಕೆ ಇಟ್ಟುಕೊಂಡ ಒಂದು ಘಟನೆಯನ್ನು ಕುರ್‌ಆನ್ ಸೂರಃ ಅಲ್ ಕಸಸ್‌ನಲ್ಲಿ ವಿವರವಾಗಿ ಹೇಳುತ್ತದೆ. ಪ್ರವಾದಿ ಮೂಸಾ(ಅ) ಪ್ರಾಣಭಯದಿಂದ ಈಜಿಪ್ಟ್ ಬಿಟ್ಟು ಮದ್ಯನ್ ತಲುಪಿದಾಗ ಅವರಿಗೆ ಅಲ್ಲಿ ಮನೆಯಿರಲಿಲ್ಲ, ಗುರುತಿನವರಿರಲಿಲ್ಲ. ಬಾವಿಯ ಬಳಿ ಕುರಿಗಳನ್ನು ತಡೆದುಕೊಂಡು ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಕಂಡು, ಅವರ ಕುರಿಗಳಿಗೆ ನೀರು ಕುಡಿಸಿ ನೆರಳಿಗೆ ಹೋಗಿ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಆ ಇಬ್ಬರಲ್ಲಿ ಒಬ್ಬಳು ಲಜ್ಜೆಯಿಂದ ನಡೆದು ಬಂದು, ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎಂದಳು. ಇಲ್ಲಿ ಗಮನಿಸಿ: ಮೂಸಾ(ಅ) ಕೂಲಿ ಕೇಳಿರಲಿಲ್ಲ. ಕೆಲಸ ಮಾಡಿಸಿಕೊಂಡ ಮನೆಯವರೇ ಅದನ್ನು ನೆನಪಿಟ್ಟು ಕರೆ ಕಳಿಸಿದರು.

ಮನೆಯಲ್ಲಿ ಆ ಮಗಳು ತಂದೆಗೆ, ಇವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಿ, ಇವರು ಬಲಶಾಲಿ, ನಂಬಿಗಸ್ತ ಎಂದು ಸಲಹೆ ಕೊಟ್ಟಳು. ಆ ಹಿರಿಯರು ಪ್ರವಾದಿ ಶುಐಬ್(ಅ) ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಕುರ್‌ಆನ್ ಅವರ ಹೆಸರು ಹೇಳಿಲ್ಲ. ಅವರು ಮುಂದಿಟ್ಟ ಕರಾರು ಸ್ಪಷ್ಟವಾಗಿತ್ತು. ಮಗಳೊಂದಿಗೆ ವಿವಾಹ, ಅದಕ್ಕೆ ಪ್ರತಿಯಾಗಿ 8 ವರ್ಷಗಳ ಕೆಲಸ. 10 ವರ್ಷ ಪೂರ್ತಿ ಮಾಡಿದರೆ ಅದು ಮೂಸಾರ ಔದಾರ್ಯ, ಬಲವಂತವಿಲ್ಲ. ತಮಗೆ ಅವರನ್ನು ಕಷ್ಟಕ್ಕೆ ದೂಡುವ ಇಚ್ಛೆಯಿಲ್ಲ ಎಂದೂ ಹಿರಿಯರು ಹೇಳಿದರು. ಎರಡರಲ್ಲಿ ಯಾವ ಅವಧಿ ಮುಗಿಸಿದರೂ ತಮ್ಮ ಮೇಲೆ ಅತಿರೇಕ ಆಗಬಾರದು ಎಂದು ಮೂಸಾ(ಅ) ತಮ್ಮ ಕಡೆಯಿಂದ ಶರತ್ತು ಹೇಳಿದರು. ಅಲ್ಲಾಹನನ್ನು ಸಾಕ್ಷಿಯಾಗಿಟ್ಟು ಮಾತು ಮುಗಿಯಿತು. ಅವರು 10 ವರ್ಷ ಪೂರೈಸಿದರು ಎಂದು ಇಬ್ನು ಅಬ್ಬಾಸ್(ರ) ಹೇಳಿದ್ದಾರೆ.

ಒಂದು ಹೊತ್ತಿನ ಊಟಕ್ಕೂ ಗತಿಯಿಲ್ಲದ ಪರದೇಶಿ ಯಾವ ಶರತ್ತಿಗೂ ತಲೆಯಾಡಿಸುವ ಸ್ಥಿತಿಯಲ್ಲಿರುತ್ತಾನೆ. ಆ ಸ್ಥಿತಿಯನ್ನು ಮನೆಯ ಯಜಮಾನರು ಬಳಸಿಕೊಳ್ಳಲಿಲ್ಲ. ಅವಧಿ, ಪ್ರತಿಫಲ, ಕೆಲಸದ ಮಿತಿ, ಹೊರಡುವ ಸ್ವಾತಂತ್ರ್ಯ – ನಾಲ್ಕನ್ನೂ ಮೊದಲೇ ಮಾತನಾಡಿದರು.

ಮದೀನಾದ ಮನೆಗಳಲ್ಲಿ

ಅನಸ್ ಬಿನ್ ಮಾಲಿಕ್(ರ)ರನ್ನು ಅವರ ತಾಯಿ ಉಮ್ಮು ಸುಲೈಮ್(ರ) ಬಾಲಕನಾಗಿದ್ದಾಗಲೇ ಪ್ರವಾದಿ(ಸ)ರ ಸೇವೆಗೆ ಬಿಟ್ಟರು. 10 ವರ್ಷ ಸೇವೆ ಮಾಡಿದ ಅವರು ಮುಂದೆ ಹೇಳಿದ್ದೇನು? ಒಂದು ದಿನವೂ ಛೇ ಎನಿಸಿಕೊಳ್ಳಲಿಲ್ಲ; ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂದು ಕೇಳಿಸಿಕೊಳ್ಳಲಿಲ್ಲ. ಝೈದ್ ಬಿನ್ ಹಾರಿಸ(ರ) ಬಾಲ್ಯದಲ್ಲಿ ಅಪಹರಣಕ್ಕೊಳಗಾಗಿ, ಗುಲಾಮನಾಗಿ ಮಾರಾಟವಾಗಿ ಖದೀಜಾ(ರ)ರ ಮನೆ ಸೇರಿದವರು. ತಂದೆ ಹುಡುಕಿಕೊಂಡು ಮಕ್ಕಾಕ್ಕೆ ಬಂದಾಗ ಪ್ರವಾದಿ(ಸ) ಹೋಗುವ ಇಲ್ಲವೇ ಉಳಿಯುವ ಆಯ್ಕೆಯನ್ನು ಝೈದರಿಗೇ ಬಿಟ್ಟರು. ಝೈದ್ ಉಳಿದರು. ಬಾಗಿಲು ತೆರೆದಿದ್ದೂ ಉಳಿದದ್ದರಿಂದಲೇ ಆ ಉಳಿಯುವಿಕೆಗೆ ಬೆಲೆ.

ಸಹೀಹ್ ಮುಸ್ಲಿಮ್‌ನಲ್ಲಿ ಮುಕರ್ರಿನ್ ಕುಟುಂಬದ ಒಂದು ಘಟನೆಯಿದೆ. ಏಳು ಮಂದಿ ಸಹೋದರರ ಆ ಮನೆಗೆ ಕೆಲಸದವಳು ಒಬ್ಬಳೇ. ಅವರಲ್ಲಿ ಕಿರಿಯವನು ಅವಳ ಕೆನ್ನೆಗೆ ಹೊಡೆದ. ಅವಳನ್ನು ಬಿಡುಗಡೆ ಮಾಡಬೇಕೆಂದು ಪ್ರವಾದಿ(ಸ) ಆಜ್ಞಾಪಿಸಿದರು. ಅವಳನ್ನು ಬಿಟ್ಟರೆ ಮನೆಗೆ ಬೇರೆ ಯಾರೂ ಇಲ್ಲವೆಂದು ಹೇಳಿಕೊಂಡಾಗ, ಬೇರೆ ಅನುಕೂಲವಾಗುವವರೆಗೆ ಮಾತ್ರ ಇಟ್ಟುಕೊಂಡು ಆಮೇಲೆ ಬಿಡಬೇಕೆಂದರು. ಮನೆಯವರ ಅಡಚಣೆಯನ್ನು ಅವರು ಕೇಳಿಸಿಕೊಂಡರು, ಆದರೆ ತೀರ್ಪು ಬದಲಾಗಲಿಲ್ಲ. ಒಂದು ಏಟಿನ ಬೆಲೆ ಬಿಡುಗಡೆ!

ಅಬೂದರ್(ರ)ರನ್ನು ರಬದಾ ಎಂಬಲ್ಲಿ ಕಂಡವರೊಬ್ಬರು, ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪು ತೊಟ್ಟಿದ್ದನ್ನು ನೋಡಿ ಕಾರಣ ಕೇಳಿದರು. ಕೈಕೆಳಗಿನವರು ನಿಮ್ಮ ಸಹೋದರರು. ತಿನ್ನುವುದನ್ನೇ ತಿನ್ನಿಸಿ, ಉಡುವುದನ್ನೇ ಉಡಿಸಿ, ಶಕ್ತಿ ಮೀರಿದ ಕೆಲಸ ಹೇಳಬೇಡಿ, ಹೇಳಿದರೆ ನೀವೂ ಕೈಜೋಡಿಸಿ ಎಂಬ ಪ್ರವಾದಿ ಬೋಧನೆಯನ್ನು ಅವರು ಆಗ ತಿಳಿಸಿದರು. ಅಡುಗೆ ಮಾಡಿ ತಂದವನನ್ನು ಜೊತೆಗೆ ಕೂರಿಸಿಕೊಳ್ಳದಿದ್ದರೂ ಒಂದೆರಡು ತುತ್ತಾದರೂ ಕೊಡಬೇಕು, ಒಲೆಯ ಬಿಸಿ ಸಹಿಸಿದವನು ಅವನೇ ಎಂಬ ಬೋಧನೆಯೂ ಬುಖಾರಿಯಲ್ಲಿದೆ.

ಇವುಗಳಲ್ಲಿ ಹೆಚ್ಚಿನವು ಗುಲಾಮಗಿರಿ ಇನ್ನೂ ಇದ್ದ ಕಾಲದ ಮಾತು. ಗುಲಾಮರಿಗೇ ಇಷ್ಟು ಹಕ್ಕಿದ್ದರೆ, ಕರಾರಿನ ಮೇಲೆ ಬಂದ ಸ್ವತಂತ್ರ ಹೆಣ್ಣಿಗೆ ಎಷ್ಟಿರಬೇಡ? ಕಿಯಾಮತ್ ದಿನ ತಾನೇ ಎದುರಾಳಿಯಾಗಿ ನಿಲ್ಲುವ ಮೂವರ ಬಗ್ಗೆ ಅಲ್ಲಾಹನು ಎಚ್ಚರಿಸಿದ್ದು ಹದೀಸ್ ಕುದ್ಸಿಯಲ್ಲಿದೆ. ಅವನ ಹೆಸರಲ್ಲಿ ಮಾತು ಕೊಟ್ಟು ಮುರಿದವನು, ಸ್ವತಂತ್ರ ಮನುಷ್ಯನನ್ನು ಮಾರಿ ತಿಂದವನು, ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು. ಮನುಷ್ಯನನ್ನು ಮಾರಿದವನ ಪಕ್ಕದಲ್ಲೇ ಸಂಬಳ ಹಿಡಿದವನಿಗೂ ಜಾಗ.

ಎಣ್ಣೆಯ ಕಾಲದ ಕಫಾಲ

ಇಷ್ಟೆಲ್ಲ ಬೋಧನೆ ಇದ್ದರೂ ಗಲ್ಫಿನ ಶ್ರೀಮಂತ ಮನೆಗಳಲ್ಲಿ ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಗುಲಾಮರಿದ್ದರು. ಹಲವರು ಪೂರ್ವ ಆಫ್ರಿಕಾದಿಂದ ತಂದವರ ಸಂತತಿ. ಕತಾರ್ 1952ರಲ್ಲಿ, ಸೌದಿ ಅರೇಬಿಯಾ 1962ರಲ್ಲಿ, ಒಮಾನ್ 1970ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದವು. ಅದಾಗಿ ಕೆಲವೇ ವರ್ಷಗಳಲ್ಲಿ, 1973ರಲ್ಲಿ, ಎಣ್ಣೆಯ ಬೆಲೆ ಒಮ್ಮೆಲೇ ಏರಿತು. ಮನೆಗಳು ದೊಡ್ಡದಾದವು, ಮನೆಗೆಲಸಕ್ಕೆ ಭಾರತ, ಶ್ರೀಲಂಕಾ, ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಿಂದ, ಮುಂದೆ ಇಥಿಯೋಪಿಯಾ, ಕೆನ್ಯಾಗಳಿಂದ ಹೆಂಗಸರು ಬಂದರು. ನಮ್ಮ ರಾಜ್ಯದಿಂದಲೂ ಬಡ ಮನೆಯ ತಾಯಂದಿರು ‘ಖದ್ದಾಮ’ಗಳಾಗಿ ಹೊರಟರು.

ಪರದೇಶಿಯನ್ನು ತನ್ನ ರಕ್ಷಣೆಗೆ ತೆಗೆದುಕೊಳ್ಳುವುದು ಅರಬರ ಹಳೆಯ ವಾಡಿಕೆ. ಸರ್ಕಾರಗಳು ಆ ಹೆಸರನ್ನು ವಲಸೆ ಕಾನೂನಿಗೆ ತಂದವು. ವಿದೇಶಿ ಕೆಲಸಗಾರರ ಮೇಲ್ವಿಚಾರಣೆಯನ್ನು ಆಯಾ ಯಜಮಾನನ ಕೈಗೇ ಕೊಟ್ಟವು. ಕೆಲಸಗಾರ್ತಿಯ ವೀಸಾ ಒಂದೇ ಮನೆಗೆ ಕಟ್ಟಿಕೊಂಡಿತು. ಆ ಮನೆ ಬಿಟ್ಟರೆ ಅವಳು ಅಪರಾಧಿ. ಸೌದಿಯಲ್ಲಿ ‘ಹುರೂಬ್’ ದೂರು ಬಿದ್ದರೆ ಮುಗಿಯಿತು. ಕಂಪನಿ ಕೆಲಸಗಾರರಿಗೆ ಕಾರ್ಮಿಕ ಕಾನೂನಿದ್ದರೂ, ಮನೆ ಖಾಸಗಿ ಸ್ಥಳ ಎಂಬ ಕಾರಣಕ್ಕೆ ಮನೆಗೆಲಸದವರನ್ನು ಅದರಿಂದ ಹೊರಗಿಡಲಾಯಿತು.

ಇನ್ನೊಂದು ಕಾರಣ ಹಣ. ಕರೆಸಿಕೊಳ್ಳುವ ಮನೆಯವರು ಏಜೆನ್ಸಿಗೆ ದೊಡ್ಡ ಮೊತ್ತ ಕೊಡಬೇಕಾಗುತ್ತದೆ. ಕೊಟ್ಟವರ ಮನಸ್ಸಿನಲ್ಲಿ, ಇವಳಿಗಾಗಿ ಇಷ್ಟು ಸುರಿದಿದ್ದೇನೆ, ಹೇಗೆ ಬಿಡಲಿ ಎಂಬ ಲೆಕ್ಕ ಹುಟ್ಟುತ್ತದೆ. ಕೊಂಡುಕೊಂಡ ಭಾವ ಬರುವುದು ಇಲ್ಲಿಯೇ. ಆ ಹಣ ಏಜೆಂಟನ ಕೆಲಸಕ್ಕೆ ಕೊಟ್ಟ ಕೂಲಿ. ಅವಳ ಬೆಲೆಯಲ್ಲ.

ತಡವಾಗಿ ಬಂದ ಕಾನೂನು

2011ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರ ಮತ ಹಾಕಿತು, ಆದರೆ ಅದನ್ನು ಸ್ಥಿರೀಕರಿಸಿಲ್ಲ. ಕುವೈತ್ 2015ರಲ್ಲಿ 68ನೇ ಕಾನೂನು ತಂದು ವಾರದ ರಜೆ, ವರ್ಷಕ್ಕೆ 30 ದಿನ ಸಂಬಳಸಹಿತ ರಜೆ, ದಿನಕ್ಕೆ 12 ಗಂಟೆಯ ಮಿತಿ ಗೊತ್ತುಮಾಡಿತು. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. 2017ರಲ್ಲಿ ಯುಎಇ ಮತ್ತು ಕತಾರ್ ಇಂಥದೇ ಕಾನೂನು ಮಾಡಿದವು. ಕತಾರ್ 2020ರಲ್ಲಿ ಮನೆಗೆಲಸದವರಿಗೂ ಎಕ್ಸಿಟ್ ಪರ್ಮಿಟ್ ತೆಗೆದುಹಾಕಿತು. 2021ರಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ ಅವರಿಗೂ ಅನ್ವಯಿಸುತ್ತದೆ. ಸೌದಿ 2021ರಲ್ಲಿ ಕಫಾಲ ಪದ್ಧತಿಯನ್ನು ಸಡಿಲಿಸಿದಾಗ ಮನೆಗೆಲಸದವರು ಮಾತ್ರ ಹೊರಗುಳಿದರು.

ಇತ್ತ ಭಾರತ ಸರ್ಕಾರ, ಇಸಿಆರ್ ಪಾಸ್‌ಪೋರ್ಟಿನ ಹೆಂಗಸರು ಮನೆಗೆಲಸಕ್ಕೆ ಈ ದೇಶಗಳಿಗೆ ಹೋಗಲು ಕನಿಷ್ಠ 30 ವಯಸ್ಸು ನಿಗದಿಮಾಡಿದೆ. 2014ರ ಜನವರಿಯಲ್ಲಿ ಸೌದಿಯೊಂದಿಗೂ 2021ರ ಜೂನ್‌ನಲ್ಲಿ ಕುವೈತ್‌ನೊಂದಿಗೂ ಮನೆಗೆಲಸದವರ ಬಗ್ಗೆ ಒಪ್ಪಂದವಾಗಿದೆ. ಆದರೂ ಏಜೆಂಟರು ವಿಸಿಟ್ ವೀಸಾದಲ್ಲಿ ಹೆಂಗಸರನ್ನು ದಾಟಿಸುವುದು ನಿಂತಿಲ್ಲ. ಹಾಗೆ ಹೋದವಳಿಗೆ ಕರಾರೇ ಇರುವುದಿಲ್ಲ. ಕಷ್ಟ ಬಂದಾಗ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ನಿಮ್ಮ ಮೊಹಲ್ಲಾದಿಂದ ಯಾರಾದರೂ ಹೊರಟಿದ್ದರೆ ಅವಳ ವೀಸಾ ಯಾವುದೆಂದು ಮೊದಲು ವಿಚಾರಿಸಿ. ಅದು ಜಮಾಅತಿನ ಹೊಣೆಯೂ ಹೌದು.

ನಮ್ಮ ಮನೆಯೊಳಗೆ

ಕಾನೂನು ಬಂದರೂ ಅದು ಮನೆಯ ಬಾಗಿಲಿನಲ್ಲೇ ನಿಲ್ಲುತ್ತದೆ. ಒಳಗೆ ಏನು ನಡೆಯುತ್ತದೆಂದು ನೋಡುವವನು ಅಲ್ಲಾಹನೊಬ್ಬನೇ. ಆದ್ದರಿಂದ ಕೆಲವು ಮಾತುಗಳನ್ನು ಬಿಡಿಸಿ ಹೇಳಬೇಕು.

ಪಾಸ್‌ಪೋರ್ಟ್ ಅವಳದು. ಅಮಾನತ್ ಎಂದು ಹೇಳಿ ಬೀಗ ಹಾಕಿಡುವವರಿದ್ದಾರೆ. ಅಮಾನತ್ ಎಂದರೆ ಒಪ್ಪಿಸಿದವರು ಕೇಳಿದಾಗ ಮರಳಿಸುವುದು. ಕೇಳಿದರೂ ಕೊಡದಿದ್ದರೆ ಅದು ಅಮಾನತ್ ಅಲ್ಲ. ಸಂಬಳ ತಿಂಗಳ ಗೊತ್ತಾದ ದಿನಕ್ಕೆ ಸಿಗಲಿ. ಊರಿಗೆ ಹೋಗುವಾಗ ಒಟ್ಟಿಗೆ ಕೊಡುತ್ತೇವೆ ಎಂಬ ಮಾತು ಬೇಡ. ಅಲ್ಲಿ ಅವಳ ಮಕ್ಕಳ ಶಾಲೆಯ ಫೀಸು ಕಾಯುತ್ತಿರುತ್ತದೆ. ಮಲಗಲು ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಬೇಕು. ಪರಪುರುಷನೊಂದಿಗೆ ಏಕಾಂತ ನಿಷಿದ್ಧ ಎಂಬ ನಿಯಮ ಮನೆಯ ಯಜಮಾನನಿಗೂ ಬೆಳೆದ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಕೆಲಸದವಳು ಮನೆಯವಳಂತೆಯೇ ಎಂಬ ಮಾತಿನಿಂದ ಆ ನಿಯಮ ಸಡಿಲವಾಗುವುದಿಲ್ಲ.

ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರಹ್) ಅತಿಥಿಯೊಂದಿಗೆ ಕುಳಿತಿದ್ದಾಗ ದೀಪ ಆರಿತು. ಸೇವಕನನ್ನು ಎಬ್ಬಿಸೋಣವೇ ಎಂದು ಅತಿಥಿ ಕೇಳಿದರೆ, ಈಗಷ್ಟೇ ಮಲಗಿದ್ದಾನೆಂದು ಹೇಳಿ ತಾವೇ ಎದ್ದು ಎಣ್ಣೆ ಹಾಕಿದರು. ರಮಝಾನಿನಲ್ಲಿ ಇದನ್ನು ನೆನಪಿಡಿ. ಇಫ್ತಾರಿಗೆ ಹತ್ತು ಬಗೆ, ತರಾವೀಹ್ ಮುಗಿಸಿ ಬಂದವರಿಗೆ ಊಟ, ಮತ್ತೆ ಸಹ್ರಿಗೆ ಒಲೆ ಹಚ್ಚಬೇಕು. ಇದರ ನಡುವೆ ಅವಳು ಮಲಗುವುದು ಯಾವಾಗ? ಅವಳಿಗೂ ಉಪವಾಸವಿರಬಹುದು, ಅವಳಿಗೂ ನಮಾಝ್ ಇದೆ. ಅನ್ಯಧರ್ಮದವಳಾದರೆ ಅವಳ ಆರಾಧನೆಗೆ ಅಡ್ಡಿ ಬೇಡ, ಧರ್ಮದಲ್ಲಿ ಬಲವಂತವಿಲ್ಲ.

ಬಿಟ್ಟು ಓಡಿಹೋದರೆ ನಮ್ಮ ಹಣ ಹೋಗುತ್ತದಲ್ಲ ಎಂಬ ಚಿಂತೆ ಸುಳ್ಳಲ್ಲ. ಅದಕ್ಕೆ ಪರಿಹಾರ ಬೀಗವಲ್ಲ. ಯುಎಇ ಕಾನೂನಿನಲ್ಲಿ ಮೊದಲ 6 ತಿಂಗಳ ಹೊಣೆ ಏಜೆನ್ಸಿಯ ಮೇಲಿದೆ. ಪರವಾನಗಿಯಿರುವ ಏಜೆನ್ಸಿಯನ್ನೇ ಹಿಡಿಯಿರಿ. ಕೆಲಸಗಾರ್ತಿಯ ಮೇಲೂ ಹೊಣೆಯಿದೆ. ಬಲ ಮತ್ತು ನಂಬಿಕೆ, ಮದ್ಯನಿನ ಮಗಳು ಹೇಳಿದ ಆ ಎರಡು ಗುಣಗಳೇ ಅದರ ಮಾನದಂಡ.

ಊರಿನಲ್ಲಿರುವವರೂ ಇದನ್ನು ಓದಿ ಪಕ್ಕಕ್ಕಿಡಬೇಡಿ. ದೂರದ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುವ ವಾಡಿಕೆ ನಮ್ಮಲ್ಲೂ ಇದೆ. 14 ತುಂಬದ ಮಗುವನ್ನು ಮನೆಗೆಲಸಕ್ಕೆ ಇಡುವುದನ್ನು ದೇಶದ ಕಾನೂನು 2006ರಲ್ಲೇ ನಿಷೇಧಿಸಿದೆ. ಸಾಕುತ್ತಿದ್ದೇವೆ ಎನ್ನುವವರು ಆ ಮಗುವನ್ನು ಯಾವ ಶಾಲೆಗೆ ಕಳಿಸುತ್ತಿದ್ದೇವೆ ಎಂಬುದನ್ನೂ ಹೇಳಬೇಕು.

ಪ್ರವಾದಿ(ಸ) ತಮ್ಮ ಕೊನೆಯ ದಿನಗಳಲ್ಲಿ, ಮಾತು ಕಷ್ಟವಾಗಿದ್ದ ಹೊತ್ತಿನಲ್ಲಿ, ಸಮುದಾಯಕ್ಕೆ ಎರಡು ವಿಷಯಗಳನ್ನು ನೆನಪಿಸಿದರೆಂದು ಹದೀಸ್‌ಗಳಲ್ಲಿದೆ. ಒಂದು ನಮಾಝ್, ಇನ್ನೊಂದು ಕೈಕೆಳಗಿನವರ ಹಕ್ಕು. ಮೊದಲನೆಯದಕ್ಕೆ ನಾವು ಈ ಮಸೀದಿಗಳನ್ನು ಕಟ್ಟಿದ್ದೇವೆ. ಎರಡನೆಯದನ್ನು ನಿಭಾಯಿಸಬೇಕಾದ ಜಾಗ ನಮ್ಮ ಅಡುಗೆಮನೆ.

ನಮ್ಮ ಮನೆಗಳಲ್ಲಿ ದುಡಿಯುವವರ ಹಕ್ಕನ್ನು ಅವರು ಕೇಳುವ ಮೊದಲೇ ಸಲ್ಲಿಸುವ ಬುದ್ಧಿಯನ್ನು ಅಲ್ಲಾಹನು ನಮಗೆ ಕೊಡಲಿ. ಪರದೇಶದ ಮನೆಗಳಲ್ಲಿ ದುಡಿಯುತ್ತಿರುವ ನಮ್ಮ ತಾಯಂದಿರನ್ನು, ಸಹೋದರಿಯರನ್ನು ಅವನು ಕಾಪಾಡಲಿ, ಮಕ್ಕಳ ಬಳಿಗೆ ಕ್ಷೇಮವಾಗಿ ಮರಳಿಸಲಿ. ಆಮೀನ್.