ಡಿಪ್ರೆಸ್ಡ್ ಬೇರೆ, ಆಪ್ರೆಸ್ಡ್ ಬೇರೆ



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದ್ರಿ, ಆದ್ರೆ ಪೂರ್ತಿ ಓದ್ರಿ.

ಹೋದ ವಾರ ಕಿಣ್ಣಿ ಸುಲ್ತಾನದಿಂದ ನಮ್ಮಣ್ಣನ ಮಗ ಫೋನ್ ಮಾಡಿದ್ದ. ಓಣಿಯ ಕಾರ್ಯಕ್ರಮಕ್ಕೆ ಭಾಷಣ ಬರೀಲಿಕ್ಕೆ ಹತ್ಯಾನ. "ಕಾಕಾ, ಬಾಬಾಸಾಹೇಬ್ರ ಇಂಗ್ಲಿಷ್ ಬರಹದಾಗ ಎಲ್ಲಿ ನೋಡಿದ್ರೂ ಡಿಪ್ರೆಸ್ಡ್ ಕ್ಲಾಸಸ್ ಅಂತ ಅದ. ಆಗ ನಮ್ಮ ಮಂದಿಗೆಲ್ಲ ಡಿಪ್ರೆಶನ್ ಇತ್ತೇನು?" ಅಂದ. ನಾನು ಜೋರಾಗಿ ನಕ್ಕೆ. ಆಮೇಲೆ ಅವನೇ, "ಇಲ್ಲ ಬಿಡು, ಡಿಪ್ರೆಸ್ಡ್ ಅಂದ್ರೂ ಆಪ್ರೆಸ್ಡ್ ಅಂದ್ರೂ ಒಂದೇ ಅಂತ ಬರದೀನಿ" ಅಂದಾಗ ನಗು ನಿಂತಿತು. ಯಾಕಂದ್ರೆ ಇಪ್ಪತ್ತು ವರ್ಷದಿಂದ ನಾನೂ ಹಾಗೇ ಬರೆದವನು. ನಮ್ಮ ಕರಪತ್ರಗಳನ್ನು ತೆಗೆದು ನೋಡ್ರಿ, ಎರಡಕ್ಕೂ 'ಶೋಷಿತರು' ಅಂತ ಒಂದೇ ಪದ ಹಾಕಿ ಮುಂದೆ ಹೋಗಿದ್ದೀವಿ.

ಎರಡೂ ಒಂದೇ ಅಲ್ಲ. ಎರಡರಲ್ಲೂ 'ಪ್ರೆಸ್' ಇದೆ, ಒತ್ತು ಅಂತ ಅರ್ಥ. ಆದರೆ ಡಿಪ್ರೆಸ್ಡ್ ಅಂದ್ರೆ ಕೆಳಗೆ ಇಳಿದದ್ದು, ತಗ್ಗಿದ್ದು, ಕುಸಿದದ್ದು. ಹೇಗೆ ಇಳಿಯಿತು ಅಂತ ಆ ಪದ ಹೇಳೋದಿಲ್ಲ. ಮಳೆಗಾಲದಲ್ಲಿ ಪೇಪರ್‌ನಲ್ಲಿ 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಅಂತ ಬರ್ತದಲ್ಲ, ಅದೂ ಇಂಗ್ಲಿಷಿನಲ್ಲಿ ಡಿಪ್ರೆಶನ್ನೇ. 1929ರಲ್ಲಿ ಜಗತ್ತಿನ ಆರ್ಥಿಕತೆ ಬಿದ್ದದ್ದೂ ಡಿಪ್ರೆಶನ್. ಮನಸ್ಸು ಕುಗ್ಗೋದೂ ಡಿಪ್ರೆಶನ್. ವಾಯುಭಾರ ಕುಸಿದದ್ದಕ್ಕೆ ಯಾರ ಮೇಲೂ ಎಫ್‌ಐಆರ್ ಹಾಕೋದಿಲ್ಲ. ಅದು ಆಗ್ತದೆ, ಅಷ್ಟೇ.

ಆಪ್ರೆಸ್ಡ್ ಹಾಗಲ್ಲ. ಅಧಿಕಾರ ಇದ್ದವನು ಇಲ್ಲದವನನ್ನು ಅನ್ಯಾಯವಾಗಿ ತುಳಿದಾಗ ಮಾತ್ರ ಆ ಪದ. ಆಪ್ರೆಸ್ಡ್ ಅಂದ ಕೂಡಲೇ ಆಪ್ರೆಸರ್ ಯಾರು ಅಂತ ಕೇಳಲೇಬೇಕು. ಹೊಲದಾಗ ಒಂದು ಕಡೆ ತಗ್ಗು ಇದ್ರೆ ನೆಲವೇ ಹಂಗ ಅದ ಅಂತೀವಿ. ಅದೇ ಬದುವು ಒಡೆದು ಯಾರೋ ಮಣ್ಣು ಹೊತ್ತೊಯ್ದಿದ್ರೆ? ನಿಂತು ನೋಡೋರಿಗೆ ತಗ್ಗು ಒಂದೇ ಥರ ಕಾಣ್ತದ. ಹೊಲದವನಿಗೆ ಮಾತ್ರ ಫರಕು ಗೊತ್ತು.

ಈಗ ಇತಿಹಾಸಕ್ಕೆ ಬರೋಣ. ನಮ್ಮ ಜನಕ್ಕೆ ಈ ಎರಡರಲ್ಲಿ ಯಾವ ಪದ ಅಂಟಿಸಿದ್ರು, ಯಾರು ಅಂಟಿಸಿದ್ರು?

ಕರ್ನಾಟಕದಲ್ಲೇ ಹುಡುಕಿದ್ರೆ 1897ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಶುರು ಮಾಡಿದ ಸಂಸ್ಥೆಯ ಹೆಸರೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಅವರು ಸಾರಸ್ವತ ಬ್ರಾಹ್ಮಣರು, ಬ್ರಹ್ಮ ಸಮಾಜದವರು. ನಮ್ಮ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದ್ರು. ತಾವು ಓದಿಸಿದ ಹುಡುಗ ದೊಡ್ಡ ಕೆಲಸಕ್ಕೆ ಸೇರಿ, ಅವನ ಗಾಡಿ ಎಬ್ಬಿಸಿದ ಧೂಳು ತಮ್ಮ ತಲೆ ಮೇಲೆ ಬೀಳಬೇಕು ಅನ್ನೋದು ಅವರ ಆಸೆ. 1906ರಲ್ಲಿ ಮುಂಬೈಯಲ್ಲಿ ಇದೇ ಹೆಸರಿನ ಇನ್ನೊಂದು ಸಂಸ್ಥೆ ಕಟ್ಟಿದವರು ವಿಠ್ಠಲ ರಾಮಜಿ ಶಿಂಧೆ. ಅವರು ನಮ್ಮ ಜಮಖಂಡಿಯಲ್ಲಿ ಹುಟ್ಟಿದವರು, ಇದು ನಮ್ಮವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಶಿಂಧೆಯವರ ಮಿಷನ್‌ಗೆ ಮರಾಠಿಯಲ್ಲಿದ್ದ ಹೆಸರು ನೋಡ್ರಿ: ನಿರಾಶ್ರಿತ ಸಾಹ್ಯಕಾರಿ ಮಂಡಳಿ. ಡಿಪ್ರೆಸ್ಡ್ ಅನ್ನೋದು ಮರಾಠಿಗೆ ಬಂದಾಗ 'ನಿರಾಶ್ರಿತ' ಆಯ್ತು. ಆಸರೆ ಇಲ್ಲದವರು. ಆಸರೆ ಕಿತ್ತುಕೊಂಡವರು ಯಾರು ಅನ್ನೋದು ಅಲ್ಲೂ ಇಲ್ಲ.

ಇವರಿಬ್ಬರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡಿದ ಕೆಲಸ ಮಾಡಲಿಕ್ಕೆ ಆ ಕಾಲದಲ್ಲಿ ಎದೆ ಬೇಕಿತ್ತು. ಆದರೆ ಪದ ಅವರದ್ದು, ನಮ್ಮದಲ್ಲ. ಎತ್ತಲಿಕ್ಕೆ ಬಂದವನ ಕಣ್ಣಿಗೆ ಬಿದ್ದವನು ಕಾಣ್ತಾನೆ, ಬೀಳಿಸಿದವನು ಕಾಣೋದಿಲ್ಲ. 'ಉದ್ಧಾರ' ಅನ್ನೋ ಮಾತಿನ ಕಥೆಯೂ ಇಷ್ಟೇ.

ಇನ್ನೊಂದು ಸಂಗತಿ ಕೆಲವರಿಗೆ ಆಶ್ಚರ್ಯ ಅನಿಸಬಹುದು. 1920ರಲ್ಲಿ ಗಾಂಧಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಇದೇ ಪ್ರಶ್ನೆ ಎತ್ತಿದ್ರು. ವಿವೇಕಾನಂದರು ಇವರನ್ನು ಡಿಪ್ರೆಸ್ಡ್ ಅಂತಿರಲಿಲ್ಲ, ಸಪ್ರೆಸ್ಡ್ ಅಂತಿದ್ರು, ಅದೇ ಸರಿಯಾದ ಪದ ಅಂತ ಬರೆದ್ರು. ಸಪ್ರೆಸ್ಡ್ ಅಂದ್ರೆ ಅದುಮಿ ಇಟ್ಟವರು. ಅದುಮಿದ್ದು ನಾವೇ, ಹಾಗೆ ಮಾಡಿ ನಾವೇ ಕುಸಿದಿದ್ದೀವಿ ಅಂತಲೂ ಒಪ್ಪಿಕೊಂಡ್ರು. ಒಳ್ಳೆ ಮಾತು. ಆದ್ರೆ ಹನ್ನೆರಡು ಹದಿಮೂರು ವರ್ಷದಲ್ಲಿ ಅವರೇ 'ಹರಿಜನ' ಅಂತ ಶುರು ಮಾಡಿದ್ರು. ಅದುಮಿದವರೂ ಹೋದ್ರು, ಅದುಮಿದ್ದೂ ಹೋಯ್ತು, ದೇವರು ಉಳಿದ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಆ ಪದವನ್ನು ಕಾನೂನಿಗೆ ಸೇರಿಸಲಿಕ್ಕೆ ಹೊರಟಾಗ ಬಾಬಾಸಾಹೇಬ್ರು ಮತ್ತು ಅವರ ಪಕ್ಷದವರು ಎದ್ದು ಹೊರನಡೆದ್ರು.

ಹಾಗಾದ್ರೆ ಬಾಬಾಸಾಹೇಬ್ರು ಯಾಕೆ ಡಿಪ್ರೆಸ್ಡ್ ಅಂತ ಬರೆದ್ರು? ತಮ್ಮನ ಪ್ರಶ್ನೆ ಅದೇ. ಉತ್ತರ ಸಿಗಬೇಕಂದ್ರೆ ಅವರ ಮರಾಠಿ ಹೆಸರುಗಳನ್ನು ಪಕ್ಕಕ್ಕೆ ಇಟ್ಟು ನೋಡಬೇಕು. 1920ರ ಪತ್ರಿಕೆ ಮೂಕನಾಯಕ. 1924ರ ಸಂಘಟನೆ ಬಹಿಷ್ಕೃತ ಹಿತಕಾರಿಣಿ ಸಭಾ. 1927ರ ಪತ್ರಿಕೆ ಬಹಿಷ್ಕೃತ ಭಾರತ. ಬಹಿಷ್ಕೃತ ಅಂದ್ರೆ ಹೊರಗೆ ಹಾಕಲ್ಪಟ್ಟವರು. ಹಾಕಿದವನಿಲ್ಲದೆ ಆ ಪದ ನಿಲ್ಲೋದೇ ಇಲ್ಲ. ತಮ್ಮ ಜನಕ್ಕೆ ಮಾತಾಡುವಾಗ ಅವರು ಆರಿಸಿಕೊಂಡ ಪದ ಇದು. ಸರ್ಕಾರಕ್ಕೆ ಇಂಗ್ಲಿಷಿನಲ್ಲಿ ಬರೆಯುವಾಗ ಸರ್ಕಾರದ ಫೈಲಿನಲ್ಲಿ ಇದ್ದ ಪದವನ್ನೇ ಬಳಸಬೇಕಾಯ್ತು. ನಾನು ಗುಮಾಸ್ತ, ನನಗೆ ಇದು ಚೆನ್ನಾಗಿ ಗೊತ್ತು: ಫೈಲಿನ ಶೀರ್ಷಿಕೆ ತಪ್ಪಿದ್ರೆ ಅರ್ಜಿ ಬೇರೆ ಟೇಬಲ್ಲಿಗೆ ಹೋಗ್ತದೆ.

ಆದ್ರೂ ಅವರು ಸುಮ್ಮನಿರಲಿಲ್ಲ. 1931ರಲ್ಲಿ ಎರಡನೇ ದುಂಡುಮೇಜಿನ ಪರಿಷತ್ತಿನಲ್ಲಿ ಅವರು ಮತ್ತು ಆರ್. ಶ್ರೀನಿವಾಸನ್ ಕೊಟ್ಟ ಪೂರಕ ಮನವಿಯಲ್ಲಿ, ಡಿಪ್ರೆಸ್ಡ್ ಕ್ಲಾಸಸ್ ಅನ್ನೋ ಹೆಸರು ಅವಮಾನದ್ದು, ಬದಲಾಯಿಸಿ ಅಂತ ಕೇಳಿದ್ರು. ಪ್ರಾಟೆಸ್ಟೆಂಟ್ ಹಿಂದೂಗಳು, ನಾನ್ ಕನ್‌ಫರ್ಮಿಸ್ಟ್ ಹಿಂದೂಗಳು ಅಂತೆಲ್ಲ ಪರ್ಯಾಯ ಹೆಸರು ಸೂಚಿಸಿದ್ರು. ಅಂದ್ರೆ ಪ್ರತಿಭಟಿಸುವವರು, ಒಪ್ಪಿ ನಡೆಯದವರು. ಅದೇ ವರ್ಷದ ಜನಗಣತಿಯಲ್ಲಿ ಹಟನ್ ಸಾಹೇಬ್ರು 'ಎಕ್ಸ್‌ಟೀರಿಯರ್ ಕಾಸ್ಟ್ಸ್' ಅಂದ್ರು, ಹೊರಗಿನ ಜಾತಿಗಳು. ಕೊನೆಗೆ 1935ರ ಕಾಯ್ದೆಯಲ್ಲಿ ಬಂದದ್ದು ಷೆಡ್ಯೂಲ್ಡ್ ಕಾಸ್ಟ್ಸ್. ಪಟ್ಟಿಯಲ್ಲಿ ಇರುವವರು, ಅಷ್ಟೇ. ಮರುವರ್ಷ ಪಟ್ಟಿಯೂ ಬಂತು. ಇದು ಬಯ್ಗುಳವಲ್ಲ, ನಿಜ. ಆದ್ರೆ ಇದರಲ್ಲಿ ತುಳಿದವನೂ ಇಲ್ಲ, ತುಳಿಸಿಕೊಂಡವನೂ ಇಲ್ಲ. ಕನ್ನಡದಲ್ಲಂತೂ 'ಪರಿಶಿಷ್ಟ' ಮಾಡಿಕೊಂಡಿದ್ದೀವಿ. ಪುಸ್ತಕದ ಕೊನೆಯಲ್ಲಿ ಅಂಟಿಸೋ ಭಾಗಕ್ಕೆ ಏನಂತಾರೆ ನೆನಪು ಮಾಡಿಕೊಳ್ರಿ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಭಾಗ್ಯರೆಡ್ಡಿ ವರ್ಮಾ ಬೇರೆ ದಾರಿ ಹಿಡಿದ್ರು. ತಗ್ಗಿದವರೂ ಅಲ್ಲ, ತುಳಿಸಿಕೊಂಡವರೂ ಅಲ್ಲ, ಈ ನೆಲದ ಮೂಲದವರು ಅಂತ 'ಆದಿ ಹಿಂದೂ' ಅಂದ್ರು. 1931ರ ಹೈದರಾಬಾದ್ ಜನಗಣತಿಯಲ್ಲಿ ಆ ಹೆಸರು ಸೇರಿತು. ಮೈಸೂರು ಸೀಮೆಯಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಬಂದದ್ದೂ ಇದೇ ಹುರುಪಿನಲ್ಲಿ. ಆದ್ರೆ ಹೈದರಾಬಾದಿನಲ್ಲೂ ಇಂಗ್ಲಿಷ್ ಲೆಟರ್‌ಹೆಡ್ ಮೇಲೆ ಡಿಪ್ರೆಸ್ಡ್ ಕ್ಲಾಸಸ್ ಅಸೋಸಿಯೇಷನ್ ಅಂತಲೇ ಇತ್ತು. ಅದರ ನಾಯಕರಾಗಿದ್ದ ಬಿ. ಶ್ಯಾಮಸುಂದರ್ ಮುಂದೆ 1968ರಲ್ಲಿ ನಮ್ಮ ಗುಲಬರ್ಗಾದಲ್ಲೇ ಸಂಘಟನೆ ಕಟ್ಟಿದಾಗ ಇಟ್ಟ ಹೆಸರು ಭೀಮ್ ಸೇನಾ. ಅಸೋಸಿಯೇಷನ್ ಇಂದ ಸೇನಾವರೆಗೆ ಬಂದ ದಾರಿ ಹೆಸರಲ್ಲೇ ಕಾಣ್ತದೆ.

'ದಲಿತ' ಪದದ ಬಗ್ಗೆ ಬೇರೆ ಪೋಸ್ಟೇ ಬರೀಬೇಕು. ಇಲ್ಲಿ ಇಷ್ಟು ಸಾಕು: ದಲ್ ಅಂದ್ರೆ ಸೀಳು, ಒಡಿ. ದಲಿತ ಅಂದ್ರೆ ಒಡೆಯಲ್ಪಟ್ಟವರು. ಡಿಪ್ರೆಸ್ಡ್ ಜಾಗದಲ್ಲಿ ಇದನ್ನು ಕೂರಿಸಿದ್ರೂ ಅರ್ಥದಲ್ಲಿ ಇದು ಆಪ್ರೆಸ್ಡ್ ಮನೆಯದ್ದು.

ಕಾನೂನಿನ ಹೆಸರುಗಳಲ್ಲೂ ಇದೇ ಎಳೆದಾಟ. 1955ರ ಕಾಯ್ದೆಯ ಹೆಸರಲ್ಲಿ 'ಅಸ್ಪೃಶ್ಯತೆ' ಇತ್ತು, 'ಅಪರಾಧ' ಇತ್ತು. ಅಪರಾಧ ಅಂದ್ರೆ ಅಪರಾಧಿ ಇರಲೇಬೇಕು. 1976ರಲ್ಲಿ ಅದು ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಆಯ್ತು. ಒಳಗಿನ ಶಿಕ್ಷೆ ಬಿಗಿ ಆಯ್ತು, ಹೆಸರು ಮೆತ್ತಗಾಯ್ತು. 1989ರಲ್ಲಿ 'ದೌರ್ಜನ್ಯ' ಅನ್ನೋ ಪದ ಹೆಸರಿಗೇ ಬಂತು. ಊರಾಗ ಜನ ಆ ಕಾಯ್ದೆಗೆ ಹೆದರೋದು, ಬಯ್ಯೋದು ಎರಡೂ ಆ ಪದಕ್ಕೇ. "ಅಟ್ರಾಸಿಟಿ ಹಾಕ್ತಾರ" ಅಂತಾರೆ.

ಈಗ ನನ್ನ ತಪ್ಪು ಹೇಳ್ತೀನಿ. ಬಹಳ ವರ್ಷದ ಹಿಂದೆ, ನೌಕರಿಗೆ ಹೊಸದಾಗಿ ಸೇರಿದ್ದೆ. ಯಾವ ಕಚೇರಿ ಅಂತ ಬೇಡ. ಒಂದು ಹಳ್ಳಿಯಿಂದ ಆರೇಳು ಮಂದಿ ಅರ್ಜಿ ತಂದ್ರು. ಓಣಿಗೆ ಬರೋ ನಳದ ನೀರನ್ನು ಇಂಥವರು ಬಂದ್ ಮಾಡ್ಯಾರ ಅಂತ ಹೆಸರು ಸಮೇತ ಇತ್ತು. ನಾನು ಟಿಪ್ಪಣಿ ಹಾಳೆಯಲ್ಲಿ ಬರೆದೆ: "ವಿಷಯ: ಪರಿಶಿಷ್ಟ ಜಾತಿ ಓಣಿಯಲ್ಲಿ ಕುಡಿಯುವ ನೀರಿನ ಕೊರತೆ ಕುರಿತು." ನಾನೂ ಅದೇ ಜಾತಿಯವನು, ಕೆಟ್ಟ ಉದ್ದೇಶ ಇರಲಿಲ್ಲ. ಹಳೇ ಫೈಲುಗಳಲ್ಲಿ ಹಾಗೇ ಇತ್ತು, ಹಾಗೇ ಬರೆದೆ. ಮುತ್ಯಾ ಒಬ್ಬರು ಏನು ಬರದೀ ಓದಪಾ ಅಂದ್ರು. ಓದಿದೆ. "ಕೊರತೆ ಎಲ್ಲ್ಯದ ಸಾಹೇಬ? ಊರಾಗ ನೀರು ಬೇಕಾದಷ್ಟು ಅದ. ನಮಗ ಬಿಡವಲ್ರು" ಅಂದ್ರು. ನಾನು ತಿದ್ದಲಿಲ್ಲ. ಮೇಲಿನವರು ಏನಂತಾರೋ ಅನ್ನೋ ಅಂಜಿಕೆ. ಆ ಫೈಲು ನೀರು ಸರಬರಾಜಿನ ಟೇಬಲ್ಲಿಗೆ ಹೋಯ್ತು. ಕೊರತೆ ಅಂತ ಇದ್ದದ್ದರಿಂದ ಬೋರ್‌ವೆಲ್ ಕೊರೆಯೋ ಪ್ರಸ್ತಾವ ಆಯ್ತು. ನಳ ಬಂದ್ ಮಾಡಿದವರಿಗೆ ಒಂದು ನೋಟಿಸ್ ಕೂಡ ಹೋಗಲಿಲ್ಲ.

ಡಿಪ್ರೆಸ್ಡ್ ಅಂದ್ರೆ ಏನು, ಆಪ್ರೆಸ್ಡ್ ಅಂದ್ರೆ ಏನು ಅಂತ ಆ ಮುತ್ಯಾನಿಗೆ ಇಂಗ್ಲಿಷ್ ಬರದೆಯೇ ಗೊತ್ತಿತ್ತು. ಬಿ.ಎ. ಪಾಸಾದ ನನಗೆ ಗೊತ್ತಿರಲಿಲ್ಲ.

ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ, ಮುಕ್ಕಾಲು ತಾಸು ಆಯ್ತು. ನಿನ್ನೆ ರಾತ್ರಿ ಭಾಷಣ ತಿದ್ದಿ ವಾಟ್ಸಾಪ್ ಮಾಡ್ಯಾನ. ಮೊದಲು 'ನಮ್ಮ ಜನ ಶತಮಾನಗಳಿಂದ ಕೆಳಗೆ ಉಳಿದರು' ಅಂತ ಇತ್ತು. ಈಗ 'ನಮ್ಮ ಜನರನ್ನು ಕೆಳಗೆ ಇಟ್ಟರು' ಅಂತ ಮಾಡ್ಯಾನ. ಕೆಳಗ ಒಂದು ಪ್ರಶ್ನೆ: "ಕಾಕಾ, ಯಾರು ಇಟ್ರು ಅಂತನೂ ಬರೀಲೇನು? ಗೌಡ್ರೂ ಸ್ಟೇಜ್ ಮ್ಯಾಲ ಇರ್ತಾರ."

ಬರಿ ಅಂದೀನಿ. ಕಾರ್ಯಕ್ರಮ ಇದೇ ರವಿವಾರ ಸಂಜಿಗಿ ನಮ್ಮ ಓಣ್ಯಾಗ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಬರ್ರಿ, ಹುಡುಗ ಒಬ್ಬನೇ ನಿಂತು ಓದಬಾರದು.

ಜೈ ಭೀಮ್.